ಕ್ಯಾಮೆರಾ ಬೇಕಾದ್ದನ್ನಷ್ಟೇ ನೋಡಲಿ

ಸಿಸಿಟಿವಿ ಹಾಕಿಸಿದವರಿಗೆ ಸಾಮಾನ್ಯವಾಗಿ ಎರಡು ತಕರಾರು ಎದುರಾಗುತ್ತವೆ. ನಿಮ್ಮ ಕ್ಯಾಮೆರಾ ನಮ್ಮ ಕಿಟಕಿಯನ್ನೇ ನೋಡುತ್ತಿದೆ ಎಂದು ಪಕ್ಕದ ಮನೆಯವರು ಹೇಳುವುದು ಒಂದು. ರಾತ್ರಿಯಿಡೀ ಮೊಬೈಲ್‌ಗೆ ಸುಳ್ಳು ಅಲಾರಾಂ ಬರುವುದು ಇನ್ನೊಂದು. ಎರಡರ ಬೇರೂ ಒಂದೇ: ಕ್ಯಾಮೆರಾ ತನಗೆ ಬೇಡದ್ದನ್ನೂ ನೋಡುತ್ತಿದೆ. ಹಾಗಾಗಿ ಆ್ಯಪ್ ತೆರೆಯುವ ಮೊದಲು ಏಣಿ ತನ್ನಿ.

ನೋಟ ಕಿರಿದಾಗಲಿ

ಕ್ಯಾಮೆರಾವನ್ನು ನೆಲದಿಂದ 2.5ರಿಂದ 3 ಮೀಟರ್ ಎತ್ತರದಲ್ಲಿ ಕೂರಿಸಿ, ಮುಖವನ್ನು ಕೆಳಕ್ಕೆ ಬಾಗಿಸಿ. ಆಕಾಶ, ರಸ್ತೆ, ಪಕ್ಕದವರ ಅಂಗಳ ಚಿತ್ರದಿಂದ ಹೊರಗೆ ಹೋದಷ್ಟೂ ಒಳ್ಳೆಯದು. ತೀರಾ ಎತ್ತರಕ್ಕೆ ಹಾಕಿದರೆ ಮುಖದ ಬದಲು ನೆತ್ತಿ ಸಿಗುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ನೇರ ಮುಖ ಮಾಡಿಸಿದರೆ ಬಿಸಿಲು ಲೆನ್ಸಿಗೆ ಹೊಡೆದು ಚಿತ್ರ ಬೆಳ್ಳಗಾಗುತ್ತದೆ.

ಎಷ್ಟು ತಿರುಗಿಸಿದರೂ ಪಕ್ಕದ ಕಿಟಕಿ ಕಾಣುತ್ತಲೇ ಇದ್ದರೆ ಪ್ರೈವೆಸಿ ಮಾಸ್ಕ್, ಅಂದರೆ ಚಿತ್ರದ ಆ ಭಾಗವನ್ನು ಮುಚ್ಚುವ ಸೆಟ್ಟಿಂಗ್, ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೋಷನ್ ಝೋನನ್ನು (ಚಲನೆ ಕಂಡರೆ ಅಲಾರಾಂ ಕೊಡಬೇಕಾದ ಜಾಗವನ್ನು) ಕಿಟಕಿ ಬಿಟ್ಟು ಗುರುತು ಮಾಡಿದರೆ ಆ ಕಿಟಕಿಯಿಂದ ಅಲಾರಾಂ ಬರುವುದು ನಿಲ್ಲುತ್ತದೆ, ಅಷ್ಟೇ. ರೆಕಾರ್ಡಿಂಗ್‌ನಲ್ಲಿ ಕಿಟಕಿ ಹಾಗೇ ಉಳಿದಿರುತ್ತದೆ. ಮಾಸ್ಕ್ ಹಾಕಿದರೆ ಮಾತ್ರ ಆ ಜಾಗ ಕಪ್ಪಾಗುತ್ತದೆ. ಮಾಸ್ಕನ್ನು ಕ್ಯಾಮೆರಾದ ಮೆನುವಿನಲ್ಲೇ ಹಾಕಿ. ರೆಕಾರ್ಡರ್‌ನಲ್ಲಿ ಮಾತ್ರ ಹಾಕಿದರೆ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಮುಚ್ಚದ ಚಿತ್ರ ಉಳಿಯಬಹುದು. ಆಮೇಲೆ ಹಗಲಿನದೊಂದು, ರಾತ್ರಿಯದೊಂದು ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿ, ಕಪ್ಪು ಪಟ್ಟಿ ಅದರಲ್ಲೂ ಇದೆಯೇ ಎಂದು ಕಣ್ಣಾರೆ ನೋಡಿ.

ಕಾನೂನಿನ ಮಾತು

ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದರೆ ಒಳಗಿನ ತತ್ವ ಹೆಚ್ಚುಕಡಿಮೆ ಒಂದೇ. ಮನೆಗೆ ಹಾಕಿದ ಕ್ಯಾಮೆರಾ ಸಾರ್ವಜನಿಕ ರಸ್ತೆಯನ್ನೂ ಸೆರೆಹಿಡಿದು ರೆಕಾರ್ಡ್ ಮಾಡುತ್ತಿದ್ದರೆ ಅದು ಬರೀ ಮನೆಯೊಳಗಿನ ವಿಚಾರ ಅಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೇಳಿತು. ಆ ಒಕ್ಕೂಟದ ದೇಶಗಳಲ್ಲಿ ಅಂಥ ಕ್ಯಾಮೆರಾದ ಮಾಲೀಕರಿಗೆ ದತ್ತಾಂಶ ರಕ್ಷಣೆಯ ನಿಯಮಗಳೆಲ್ಲ ಅನ್ವಯಿಸುತ್ತವೆ. ಚಿತ್ರದಲ್ಲಿರುವ ವ್ಯಕ್ತಿ ತನ್ನ ದೃಶ್ಯದ ಪ್ರತಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಭಾರತದಲ್ಲಿ ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ ಅಥವಾ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ, ಬಾಡಿಗೆದಾರರ ವಾಸದ ಭಾಗ: ಇಲ್ಲಿ ಕ್ಯಾಮೆರಾದ ಮಾತೇ ಬೇಡ.

ಮೈಕ್ ಆಫ್ ಮಾಡಿಡಿ. ಮಾತು ರೆಕಾರ್ಡ್ ಮಾಡುವುದಕ್ಕೆ ಹಲವೆಡೆ ಚಿತ್ರಕ್ಕಿಂತ ಬಿಗಿಯಾದ ಕಾನೂನಿದೆ, ಹೊಸ ಕ್ಯಾಮೆರಾಗಳಲ್ಲಿ ಅನೇಕ ಮೈಕ್ ಆನ್ ಆಗಿಯೇ ಬರುತ್ತವೆ. ಒಳಬರುವವರ ಕಣ್ಣಿಗೆ ಬೀಳುವಂತೆ ಫಲಕ ಹಾಕಿ: ಯಾರ ಕ್ಯಾಮೆರಾ, ಯಾವ ಉದ್ದೇಶಕ್ಕೆ, ಯಾರನ್ನು ಕೇಳಬೇಕು. ದೃಶ್ಯವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಳ್ಳ ಎಂದು ನೀವು ತೋರಿಸಿದವರು ದಾರಿ ತಪ್ಪಿ ಬಂದವರಾಗಿದ್ದರೆ ಅವರ ಮಾನಕ್ಕೆ ಆದ ಹಾನಿ ತುಂಬಿಕೊಡಲು ಆಗುವುದಿಲ್ಲ. ದೃಶ್ಯ ಕೊಡಬೇಕಾದ್ದು ತನಿಖೆ ಮಾಡುವವರಿಗೆ.

ಸುಳ್ಳು ಅಲಾರಾಂ ಎಲ್ಲಿಂದ ಬರುತ್ತದೆ

ಸಾದಾ ಮೋಷನ್ ಡಿಟೆಕ್ಷನ್‌ಗೆ ಮನುಷ್ಯ ಗೊತ್ತಿಲ್ಲ. ಈ ಕ್ಷಣದ ಚಿತ್ರಕ್ಕೂ ಹಿಂದಿನ ಕ್ಷಣದ ಚಿತ್ರಕ್ಕೂ ಎಷ್ಟು ಚುಕ್ಕಿ ಬದಲಾಯಿತು ಎಂದಷ್ಟೇ ಅದು ಎಣಿಸುತ್ತದೆ. ಮೋಡ ಸರಿದು ನೆರಳು ಬಿದ್ದರೂ, ಒದ್ದೆ ನೆಲದ ಮೇಲೆ ಹೆಡ್‌ಲೈಟ್ ಹರಿದರೂ ಅದಕ್ಕೆ ಚಲನೆಯೇ.

ರಾತ್ರಿಯ ದೊಡ್ಡ ಶತ್ರು ಜೇಡ. ಲೆನ್ಸಿನ ಸುತ್ತಲಿನ ಇನ್ಫ್ರಾರೆಡ್ ದೀಪಕ್ಕೆ ಹುಳು ಬರುತ್ತವೆ, ಹುಳುವಿನ ಹಿಂದೆ ಜೇಡ ಬರುತ್ತದೆ. ಲೆನ್ಸಿಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ತೂಗುವ ಒಂದೇ ಎಳೆ ಆ ಬೆಳಕಿಗೆ ಹಗ್ಗದಷ್ಟು ದಪ್ಪವಾಗಿ ಹೊಳೆಯುತ್ತದೆ. ಗಾಳಿಗೆ ಅದು ಅಲುಗಿದಾಗಲೆಲ್ಲ ಅಲಾರಾಂ. ಮೆತ್ತನೆಯ ಬ್ರಷ್‌ನಿಂದ 15 ದಿನಕ್ಕೊಮ್ಮೆ ಬಲೆ ತೆಗೆಯಿರಿ. ಕಾಟ ನಿಲ್ಲದಿದ್ದರೆ ಕ್ಯಾಮೆರಾದ ದೀಪ ಆರಿಸಿ, ಬೇರೆ ಇನ್ಫ್ರಾರೆಡ್ ದೀಪವನ್ನು ಒಂದೆರಡು ಮೀಟರ್ ಆಚೆ ಹಾಕಿಸಿ. ಹುಳು ಅತ್ತ ಹೋಗುತ್ತವೆ.

ಬ್ಯಾಟರಿ ಕ್ಯಾಮೆರಾಗಳಲ್ಲಿರುವ ಪಿಐಆರ್ ಸೆನ್ಸರ್ ಗ್ರಹಿಸುವುದು ಶಾಖದ ವ್ಯತ್ಯಾಸವನ್ನು. ಅಡ್ಡ ಹಾಯುವವರನ್ನು ಅದು ಚೆನ್ನಾಗಿ ಹಿಡಿಯುತ್ತದೆ, ನೇರ ಎದುರಿಗೆ ಬರುವವರನ್ನು ತಡವಾಗಿ. ಸುತ್ತಲಿನ ಗಾಳಿ ಮೈಬಿಸಿಯ ಹತ್ತಿರಕ್ಕೆ ಬಂದರೆ ಮಂಕಾಗುತ್ತದೆ. ಎಸಿಯ ಹೊರಘಟಕ, ಬಿಸಿಗಾಳಿ ಬರುವ ಕಿಂಡಿ ಅದರ ಎದುರಿಗೆ ಇರಬಾರದು.

ಈಗ ಸೆಟ್ಟಿಂಗ್. ಸೆನ್ಸಿಟಿವಿಟಿಯನ್ನು ನಡುಮಟ್ಟದಲ್ಲಿಟ್ಟು ಶುರು ಮಾಡಿ. ಮನುಷ್ಯ, ವಾಹನ ಗುರುತಿಸುವ ಸೌಲಭ್ಯ ಇದ್ದರೆ ಮನುಷ್ಯನಿಗೆ ಮಾತ್ರ ಅಲಾರಾಂ ಇಡಿ. ಗೇಟಿನ ಒಳಬದಿಗೆ ಗೆರೆ ಎಳೆದು, ಹೊರಗಿಂದ ಒಳಗೆ ದಾಟಿದಾಗ ಮಾತ್ರ ಎಚ್ಚರಿಸುವಂತೆ ಮಾಡಿ. ವಸ್ತುವಿನ ಕನಿಷ್ಠ ಗಾತ್ರ ನಿಗದಿ ಮಾಡಿದರೆ ಬೆಕ್ಕು, ಇಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ನಂತರ ಯಾರನ್ನಾದರೂ ಕತ್ತಲಲ್ಲಿ ಒಳಗೆ ನಡೆಸಿ ನೋಡಿ. ಸುಳ್ಳು ಅಲಾರಾಂ ನಿಲ್ಲಿಸುವ ಭರದಲ್ಲಿ ನಿಜವಾದ ಅಲಾರಾಂ ಸತ್ತಿರುತ್ತದೆ, ಅದು ಗೊತ್ತಾಗುವುದು ಕಳವಾದ ಮೇಲೆ.

ಎಷ್ಟು ದಿನ, ಯಾರ ಕೈಯಲ್ಲಿ

2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ಬಿಡದೆ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ. ನಾಲ್ಕು ಕ್ಯಾಮೆರಾಗೆ 30 ದಿನ ಎಂದರೆ 2.6 ಟಿಬಿ. ಡಿಸ್ಕ್ ದೊಡ್ಡದಿದೆ ಎಂದು ವರ್ಷಗಟ್ಟಲೆ ಇಡುವುದು ಬೇಡ. ಸ್ಥಳೀಯ ಕಾನೂನು ಹೇಳಿದಷ್ಟು ದಿನ, ಹೇಳದಿದ್ದರೆ ಅಗತ್ಯ ಇದ್ದಷ್ಟೇ ದಿನ ಇಟ್ಟು, ತಾನಾಗಿ ಅಳಿಯುವಂತೆ ಮಾಡಿ. ಪೆಟ್ಟಿಗೆಯ ಮೇಲೆ ಬರೆದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಬದಲಿಸದ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯತ್ನಿಸಿ ಅಸಂಖ್ಯ ಕ್ಯಾಮೆರಾ, ರೆಕಾರ್ಡರ್‌ಗಳ ಒಳಹೊಕ್ಕಿತು.

ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಜೋಡಿಸಿ. ಹತ್ತು ನಿಮಿಷ ತಪ್ಪು ತೋರಿಸುವ ದೃಶ್ಯ ಸಾಕ್ಷ್ಯವಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ಕೇಳಿದಾಗ ಮೂಲ ಫೈಲನ್ನೇ ಕೊಡಿ, ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಹಿಡಿದ ವಿಡಿಯೊ ಬೇಡ.

ಎಲ್ಲ ಮುಗಿದ ಮೇಲೆ ಒಂದು ವಾರ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಅಲಾರಾಂನ ಸಮಯ, ಕ್ಯಾಮೆರಾ, ಕಾರಣ ಬರೆಯಿರಿ. ಒಂದೇ ಕ್ಯಾಮೆರಾ, ಒಂದೇ ಹೊತ್ತು ಮತ್ತೆ ಮತ್ತೆ ಬಂದರೆ ಕಾರಣ ಅಲ್ಲೇ ಸಿಗುತ್ತದೆ. ಸೈರನ್ನನ್ನೂ ಪೊಲೀಸರಿಗೆ ಹೋಗುವ ಕರೆಯನ್ನೂ ಜೋಡಿಸಬೇಕಾದ್ದು ಆ ಪಟ್ಟಿ ಬರಿದಾದ ಮೇಲೆ.