ಗ್ಯಾರೇಜ್ ಬಾಗಿಲಿನ ಓಪನರ್‌ಗೆ ಯಾವ ಬಲ್ಬ್ ಹಾಕಬೇಕು?

ರಿಮೋಟ್ ಒತ್ತಿದರೆ ಬಾಗಿಲು ಒಂದೇ ಸಲಕ್ಕೆ ತೆರೆಯುತ್ತದೆ. ಕಾರು ಹೊರಗೆ ತಂದು ಮುಚ್ಚಲು ಒತ್ತಿದರೆ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ಐದು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಸರಿ. ಹೀಗಾದಾಗ ರಿಮೋಟಿನ ಸೆಲ್ ಬದಲಿಸುವ ಮೊದಲು ಓಪನರ್‌ನಲ್ಲಿ, ಅಂದರೆ ಬಾಗಿಲು ತೆರೆದು ಮುಚ್ಚುವ ಮೋಟರ್ ಪೆಟ್ಟಿಗೆಯಲ್ಲಿ ಇರುವ ಬಲ್ಬ್ ನೋಡಿ. ಬಾಗಿಲು ಚಲಿಸಿದೊಡನೆ ಹೊತ್ತಿಕೊಳ್ಳುವ ಆ ದೀಪ ಹಲವು ಮಾದರಿಗಳಲ್ಲಿ ಸುಮಾರು ನಾಲ್ಕೂವರೆ ನಿಮಿಷ ಉರಿಯುತ್ತದೆ. ಅಷ್ಟು ಹೊತ್ತು ಮಾತ್ರ ರಿಮೋಟ್ ಮುಷ್ಕರ ಹೂಡಿದರೆ ತಪ್ಪು ಬಹುಮಟ್ಟಿಗೆ ಬಲ್ಬಿನದೇ.

ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಹೆಚ್ಚಿನವು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಕೂಡಿಸುತ್ತವೆ. ಇದರಿಂದ ಹುಟ್ಟುವ ರೇಡಿಯೊ ಗದ್ದಲ ನೂರಾರು ಮೆಗಾಹರ್ಟ್ಸ್‌ವರೆಗೂ ಹಬ್ಬುತ್ತದೆ. ಓಪನರ್‌ನ ರಿಮೋಟ್‌ಗಳು ಕೆಲಸ ಮಾಡುವುದೂ ಅಲ್ಲೇ: ಅಮೆರಿಕದಲ್ಲಿ ಹೆಚ್ಚಾಗಿ 300ರಿಂದ 390 ಮೆಗಾಹರ್ಟ್ಸ್, ಯೂರೋಪಿನಲ್ಲಿ 433 ಅಥವಾ 868. ರಿಮೋಟಿನ ಸಂಕೇತ ಮೊದಲೇ ಕ್ಷೀಣ, ಬಲ್ಬೋ ಆಂಟೆನಾದಿಂದ ಗೇಣು ದೂರದಲ್ಲಿದೆ. ಜಾತ್ರೆಯ ತಮಟೆ ಪಕ್ಕದಲ್ಲಿ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ.

ಪರೀಕ್ಷಿಸುವುದು ಸುಲಭ. ಬಲ್ಬ್ ಬಿಚ್ಚಿಟ್ಟು, ಎಷ್ಟು ಹೆಜ್ಜೆ ದೂರದಿಂದ ರಿಮೋಟ್ ಕೆಲಸ ಮಾಡುತ್ತದೆ ಎಂದು ಎಣಿಸಿ. ಬಲ್ಬ್ ಹಾಕಿ, ಗೋಡೆಯ ಸ್ವಿಚ್‌ನಿಂದ ಬಾಗಿಲು ಓಡಿಸಿ, ದೀಪ ಉರಿಯುತ್ತಿರುವಾಗಲೇ ಮತ್ತೆ ಎಣಿಸಿ. ದೂರ ಅರ್ಧಕ್ಕಿಳಿದರೆ ಆ ಬಲ್ಬ್ ಅಲ್ಲಿಗೆ ಬೇಡ, ಮನೆಯೊಳಗೆ ಬಳಸಿಕೊಳ್ಳಿ. ಎರಡು ಹೋಲ್ಡರ್ ಇದ್ದರೆ ಒಂದೊಂದೇ ಬಲ್ಬ್ ಹಾಕಿ ನೋಡಿ. ಓಪನರ್‌ನಿಂದ ಇಳಿಬಿದ್ದಿರುವ ತೆಳು ತಂತಿಯೇ ಆಂಟೆನಾ. ಅದನ್ನು ಸುತ್ತಿ ಒಳಗೆ ತುರುಕಿದ್ದರೆ ಬಿಡಿಸಿ, ನೇರ ಕೆಳಕ್ಕೆ ಬಿಡಿ. ಓಪನರ್‌ಗೆಂದೇ ತಯಾರಾದ ಎಲ್‌ಇಡಿ ಬಲ್ಬ್‌ಗಳಿವೆ. ಗದ್ದಲ ಕಡಿಮೆ ಇರುವಂತೆ, ಅದುರಾಟ ತಡೆಯುವಂತೆ ಮಾಡಿರುತ್ತಾರೆ. ಸ್ವಲ್ಪ ದುಬಾರಿಯಾದರೂ ಅವೇ ಮೊದಲ ಆಯ್ಕೆ.

ಇನ್ನು ಅಳತೆ. ಓಪನರ್‌ಗಳಲ್ಲಿ ಸಾಮಾನ್ಯವಾಗಿ ಸ್ಕ್ರೂ ಹೋಲ್ಡರ್ ಇರುತ್ತದೆ: 120 ವೋಲ್ಟ್ ದೇಶಗಳಲ್ಲಿ ಇ26, 230 ವೋಲ್ಟ್ ಕಡೆ ಇ27. ಪಿನ್ ಬಲ್ಬನ್ನು ಅಡಾಪ್ಟರ್ ಸಿಕ್ಕಿಸಿ ಹಾಕಲು ಹೋಗಬೇಡಿ. ಉದ್ದ ಹೆಚ್ಚಾಗಿ ಕವರ್‌ಗೆ ತಾಗುತ್ತದೆ, ಅದುರಿ ಅದುರಿ ಸಡಿಲವಾಗುತ್ತದೆ. ಹೋಲ್ಡರ್ ಪಕ್ಕದ ಚೀಟಿಯಲ್ಲಿ 60 ಅಥವಾ 100 ವಾಟ್ ಎಂಬ ಮಿತಿ ಇದ್ದೀತು. ಅದು ಬಲ್ಬ್ ನಿಜವಾಗಿ ಎಳೆಯುವ ವಾಟ್, ಡಬ್ಬದ ಮೇಲಿನ ‘ಇಷ್ಟು ವಾಟ್‌ಗೆ ಸಮ’ ಎಂಬ ಅಂಕಿಯಲ್ಲ. ಸುಮಾರು 9 ವಾಟಿನ ಎಲ್‌ಇಡಿ 800 ಲೂಮೆನ್ ಕೊಡುತ್ತದೆ, ಅಂದರೆ ಹಳೆಯ 60 ವಾಟ್ ಬಲ್ಬಿನಷ್ಟು. ಕಾರಿನಿಂದ ಇಳಿದು ನಡೆಯಲು ಇಷ್ಟು ಸಾಕು. ಅಲ್ಲೇ ರಿಪೇರಿ ಕೆಲಸ ಮಾಡುವವರು ಅದಕ್ಕೆ ಬೇರೆ ದೀಪ ಹಾಕಿಕೊಳ್ಳುವುದೇ ಮೇಲು. ಹೇಗೂ ಇದು ನಾಲ್ಕೂವರೆ ನಿಮಿಷಕ್ಕೆ ಕೈಕೊಡುತ್ತದೆ.

ದೀಪದ ಮೇಲೆ ಪ್ಲಾಸ್ಟಿಕ್ ಕವರ್ ಇದ್ದರೆ ‘ಮುಚ್ಚಿದ ಫಿಕ್ಸ್‌ಚರ್‌ಗೆ ಯೋಗ್ಯ’ ಎಂದು ಡಬ್ಬದ ಮೇಲೆ ಬರೆದಿರಬೇಕು. ಬಿಸಿ ಹೊರಹೋಗದಿದ್ದರೆ ಡ್ರೈವರ್‌ನ ಕೆಪಾಸಿಟರ್ ಬೇಗ ಸಾಯುತ್ತದೆ. ಹ್ಯಾಲೊಜೆನ್ ಬೇಡ, ಅದು ಹೋಲ್ಡರ್ ಮತ್ತು ಕವರನ್ನು ಕಾಯಿಸುತ್ತದೆ. ಸಿಎಫ್‌ಎಲ್ ಚಳಿಯಲ್ಲಿ ಮಂಕಾಗಿ ಹೊತ್ತುತ್ತದೆ, ಪದೇಪದೇ ಆರಿಸಿ ಹಚ್ಚಿದರೆ ಬಾಳುವುದೂ ಇಲ್ಲ. ಸ್ಮಾರ್ಟ್ ಬಲ್ಬಿಗೆ ಸದಾ ಕರೆಂಟ್ ಬೇಕು, ಓಪನರ್ ಅದನ್ನು ಕಡಿಯುತ್ತಲೇ ಇರುತ್ತದೆ. ತಂತಿಯ ಹಳೇ ಬಲ್ಬೇ ಬೇಕೆಂದರೆ ‘ರಫ್ ಸರ್ವಿಸ್’ ಎಂಬ ಬಗೆ ಕೇಳಿ. ಅದರಲ್ಲಿ ಫಿಲಮೆಂಟಿಗೆ ಆಧಾರ ಹೆಚ್ಚಿರುತ್ತದೆ, ಮೋಟರ್ ಅದುರಿದರೂ ಸುಲಭಕ್ಕೆ ತುಂಡಾಗದು.

ಬದಲಿಸುವಾಗ ಬಾಗಿಲು ಮುಚ್ಚಿ, ಓಪನರ್‌ನ ಪ್ಲಗ್ ಕಿತ್ತು, ಬಲ್ಬ್ ತಣ್ಣಗಾಗುವವರೆಗೆ ಕಾಯಿರಿ. ಏಣಿ ಗಟ್ಟಿಯಾಗಿ ನಿಂತಿರಲಿ. ಕವರ್ ಕೆಲವದರಲ್ಲಿ ಕ್ಲಿಪ್ ಒತ್ತಿದರೆ ಬರುತ್ತದೆ, ಕೆಲವದರಲ್ಲಿ ಸ್ಕ್ರೂ ಬಿಚ್ಚಬೇಕು. ಎಳೆದಾಡಿದರೆ ಹಳೇ ಪ್ಲಾಸ್ಟಿಕ್ ಸೀಳುತ್ತದೆ. ಬಲ್ಬನ್ನು ಬಿಗಿಯಾಗುವವರೆಗೆ ತಿರುಗಿಸಿ ನಿಲ್ಲಿಸಿ. ಅತಿಯಾಗಿ ಬಿಗಿದರೆ ಹೋಲ್ಡರ್ ತಳದ ಹಿತ್ತಾಳೆ ನಾಲಿಗೆ ಅಮುಕಿಹೋಗಿ, ಮುಂದೆ ಹೊಸ ಬಲ್ಬ್ ಹಾಕಿದರೂ ಹೊತ್ತುವುದಿಲ್ಲ. ಆಗ ಪ್ಲಗ್ ಕಿತ್ತಿರುವುದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡು, ಆ ನಾಲಿಗೆಯನ್ನು ಮರದ ಕಡ್ಡಿಯಿಂದ ತುಸು ಮೇಲೆತ್ತಿ.

ದೀಪ ಆರಿದ ಮೇಲೂ ಎಲ್‌ಇಡಿ ಮಿಣಮಿಣ ಎನ್ನುತ್ತಿದ್ದರೆ ಅದು ಬಲ್ಬಿನ ದೋಷವಲ್ಲ. ಕರೆಂಟನ್ನು ಪೂರ್ತಿ ಕಡಿಯುವ ರಿಲೇ ಎಂಬ ಸ್ವಿಚ್ ಬದಲು ಎಲೆಕ್ಟ್ರಾನಿಕ್ ಸ್ವಿಚ್ ಇರುವ ಕೆಲವು ಓಪನರ್‌ಗಳು ಆರಿಸಿದಾಗಲೂ ಚೂರು ಕರೆಂಟ್ ಸೋರಗೊಡುತ್ತವೆ. ಎರಡು ಹೋಲ್ಡರ್ ಒಂದೇ ಸ್ವಿಚ್‌ಗೆ ಸೇರಿದ್ದರೆ ಒಂದಕ್ಕೆ ರಫ್ ಸರ್ವಿಸ್ ಬಲ್ಬ್ ಹಾಕಿ, ಮಿಣುಕು ನಿಲ್ಲುತ್ತದೆ.