ಕಾಂಡ್ಲಾ ಕಾಡಿಗೆ ಹೊರಡುವ ಮುನ್ನ ಇಳಿತದ ಹೊತ್ತು ನೋಡಿ

ಕಾಸರಗೋಡು ಜಿಲ್ಲೆಯ ಕುಂಬಳೆ, ಶಿರಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ರಜೆಯ ಅನುಕೂಲ ನೋಡಿ ಹೊರಟರೆ ಸಾಲದು, ನೀರಿನ ಹೊತ್ತೂ ಕೂಡಿಬರಬೇಕು. ತುಂಬು ಭರತದಲ್ಲಿ, ಅಂದರೆ ಉಬ್ಬರದಲ್ಲಿ, ತಲುಪಿದವರಿಗೆ ಕಾಣುವುದು ನೀರು ಮತ್ತು ಹಸಿರು ತಲೆಗಳಷ್ಟೇ. ಬೇರು, ಏಡಿ, ಕೆಸರಿನಲ್ಲಿ ಮೇಯುವ ಹಕ್ಕಿ ಎಲ್ಲವೂ ಇಳಿತದ ಸಂಪತ್ತು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು, ವಲಸೆ ಬಂದ ಗೊರವ ಹಕ್ಕಿಗಳು ಇರುತ್ತವೆ. ಮಳೆಗಾಲದಲ್ಲಿ ಹೊಳೆಯ ಸೆಳೆತ ಜೋರು, ಆಗ ಬೇಡ.

ಇನ್ನು ಹೊತ್ತು. ಸಾಗರ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣದಲ್ಲಿ ಉಬ್ಬರವಿಳಿತದ ಮುನ್ಸೂಚನೆ ಸಿಗುತ್ತದೆ. ನವಮಂಗಳೂರು ಬಂದರಿನ ವೇಳೆಯನ್ನು ಆಧಾರವಾಗಿಟ್ಟುಕೊಳ್ಳಿ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ: ಶನಿವಾರ ಬೆಳಗ್ಗೆ 8ಕ್ಕೆ ಇಳಿತವಿದ್ದರೆ ಭಾನುವಾರ 8.50ರ ಆಸುಪಾಸು. ಅಳಿವೆಯಿಂದ ಒಳಗೆ ಹೋದಷ್ಟೂ ಇನ್ನಷ್ಟು ತಡ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ನೀರು ಹೆಚ್ಚು ಇಳಿದು ಕೆಸರು ವಿಶಾಲವಾಗಿ ತೆರೆದುಕೊಳ್ಳುತ್ತದೆ. ಅಷ್ಟಮಿಯ ಸುತ್ತ ವ್ಯತ್ಯಾಸ ಕಡಿಮೆ.

ದಡದಿಂದ ನೋಡುವವರು ಪೂರ್ಣ ಇಳಿತಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ನೀರು ಸರಿದು ಆಗಷ್ಟೇ ತೆರೆದ ಕೆಸರಿಗೆ ಹಕ್ಕಿ ಇಳಿಯುತ್ತದೆ, ಪೂರ್ತಿ ಇಳಿದ ಮೇಲೆ ದೂರ ಚದುರಿಬಿಡುತ್ತದೆ. ದೋಣಿಯವರ ಲೆಕ್ಕ ಇದಕ್ಕೆ ಉಲ್ಟಾ: ಭರತಕ್ಕೆ ಎರಡು ಗಂಟೆ ಮೊದಲು ಹೊರಟು, ನೀರು ತಿರುಗುವ ಹೊತ್ತಿಗೆ ವಾಪಸಾಗಬೇಕು. ಇಲ್ಲವಾದರೆ ಕಿರುಗಾಲುವೆಯಲ್ಲಿ ದೋಣಿ ಕೆಸರಿಗೆ ಕೂತು, ಮುಂದಿನ ಏರಿಕೆಯವರೆಗೂ ಕಾಯಬೇಕಾಗುತ್ತದೆ. ದೋಣಿಯೇ ಮುಖ್ಯವೆನ್ನುವವರಿಗೆ ಜಿಲ್ಲೆಯ ದಕ್ಷಿಣದ ಕವ್ವಾಯಿ ಹಿನ್ನೀರು ಹೆಚ್ಚು ಹೊಂದುತ್ತದೆ. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ.

ಕುಂಬಳೆಯಲ್ಲಿ ರೈಲು ನಿಲ್ದಾಣವಿದೆ, ಅಲ್ಲಿಂದ ಆಟೊ. ಹೆದ್ದಾರಿ ಸೇತುವೆಯ ಮೇಲೆ ವಾಹನ ನಿಲ್ಲಿಸಿ ಹಕ್ಕಿ ನೋಡುವುದು ಮಾತ್ರ ಖಂಡಿತ ಬೇಡ. ಕೇರಳದಲ್ಲಿ ಕಾಂಡ್ಲಾದ ದೊಡ್ಡ ಪಾಲು ಖಾಸಗಿ ಜಾಗದಲ್ಲಿದೆ, ಆದ್ದರಿಂದ ಬದುವಿನ ಮೇಲೆ ಕಾಲಿಡುವ ಮುನ್ನ ಮನೆಯವರನ್ನು ಕೇಳಿ. ಶಾಲೆಯ ತಂಡವಾದರೆ ಅರಣ್ಯ ಇಲಾಖೆಗೆ ಮೊದಲೇ ಪತ್ರ ಬರೆಯಿರಿ. ಜಾಗ ಯಾರದ್ದಾದರೂ ರಕ್ಷಣೆ ಇದ್ದೇ ಇದೆ: ಕರಾವಳಿ ನಿಯಂತ್ರಣ ವಲಯದ ನಿಯಮದಂತೆ ಕಾಂಡ್ಲಾ ಅತಿ ಸೂಕ್ಷ್ಮ ಪರಿಸರದ 1-ಎ ವರ್ಗಕ್ಕೆ ಸೇರುತ್ತದೆ.

ಕೆಸರಿಗೆ ಇಳಿಯಬೇಡಿ. ಉಪ್ಪಟಿ ಮರದ ಸುತ್ತ ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳು ನೆಟ್ಟಗೆ ನಿಂತಿರುತ್ತವೆ. ಕೊಳೆತ ಮೊಟ್ಟೆಯಂತೆ ನಾರುವ ಆ ಮಣ್ಣಿನಲ್ಲಿ ಆಮ್ಲಜನಕ ಇಲ್ಲ, ಮರ ಉಸಿರಾಡುವುದು ಆ ಕಡ್ಡಿಗಳಿಂದಲೇ. ತುಳಿದರೆ ಮುರಿಯುತ್ತವೆ. ಕೊಂಬೆಯಿಂದ ಜೋತಾಡುವ ಉದ್ದನೆಯ ಹಸಿರು ಕೋಲನ್ನು ಕಾಯಿ ಎಂದು ಕೀಳಲೂಬಾರದು. ಅದು ತಾಯಿಮರದಲ್ಲೇ ಮೊಳೆತ ಸಸಿ. ಬದುವಿನಲ್ಲೇ ಹತ್ತು ನಿಮಿಷ ಅಲುಗದೆ ನಿಲ್ಲಿ. ಬಿಲ ಸೇರಿದ್ದ ಏಡಿಗಳು ಒಂದೊಂದಾಗಿ ಮೇಲೆ ಬರುತ್ತವೆ, ಗಂಡು ತನ್ನ ಒಂದೇ ದೊಡ್ಡ ಕೊಂಬನ್ನು (ಇಕ್ಕಳದಂಥ ಮುಂಗಾಲನ್ನು) ಎತ್ತಿ ಎತ್ತಿ ಬೀಸುತ್ತದೆ. ಇದನ್ನು ನೋಡಲೆಂದೇ ಬರಬಹುದು.

ತಲಾ ಎರಡು ಲೀಟರ್ ನೀರು, ಟೋಪಿ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಬೈನಾಕ್ಯುಲರ್ ಇರಲಿ. ಗುರುತಿಲ್ಲದ ಎಲೆ ಕೀಳಬೇಡಿ. ಉದುರುವ ಮುನ್ನ ಎಲೆ ಕೆಂಪಾಗುವ ಒಂದು ಮರದ ಹಾಲು ಕಣ್ಣಿಗೆ ಅಪಾಯಕಾರಿ. ತಾಗಿದರೆ ಉಜ್ಜದೆ, ಶುದ್ಧ ನೀರಿನಿಂದ 15 ನಿಮಿಷ ತೊಳೆದು ನೇರ ವೈದ್ಯರ ಬಳಿಗೆ ಹೋಗಿ.