ಸಾದಾ ಬಟ್ಟೆ ತಗೊಂಡ್ರೆ ಸಾಲದು, ಒಗೆಯೋದೂ ಗೊತ್ತಿರ್ಬೇಕು

ಈಗಿನ ಹುಡುಗ್ರು ಬಟ್ಟೆ ಒಗೆಯೋದು ನೋಡಿದ್ರೆ ನಂಗೆ ಮೈ ಉರಿಯತ್ತೆ. ಒಳ್ಳೆ ಮೆರಿನೋ, ಅಂದ್ರೆ ನಯವಾದ ಕುರಿ ಉಣ್ಣೆ ಸ್ವೆಟರ್ ತರ್ತಾರೆ, ಜೀನ್ಸು ಟವಲ್ಲು ಕಾಲುಚೀಲ ಎಲ್ಲದರ ಜೊತೆ ಮಷೀನಿಗೆ ತುರುಕ್ತಾರೆ, ಬಿಸಿನೀರು ಬೇರೆ, ಆಚೆ ತೆಗೆದಾಗ ಅದು ಮಕ್ಕಳ ಸೈಜಾಗಿರತ್ತೆ, ಆಮೇಲೆ "ಈ ಬ್ರ್ಯಾಂಡೇ ಸರಿ ಇಲ್ಲ" ಅಂತ ರಾಗ. ಬ್ರ್ಯಾಂಡ್ ಏನ್ಮಾಡತ್ತೆ ಪಾಪ, ಒಳಗಡೆ ಲೇಬಲ್ ಹೊಲಿದಿರೋದು ಓದಕ್ಕಲ್ವಾ? ಅದನ್ನ ಮೊದಲನೇ ದಿನಾನೇ ಚುಚ್ಚತ್ತೆ ಅಂತ ಕತ್ತರಿಸಿ ಬಿಸಾಕಿರ್ತಾರೆ.

ಜಪಾನಿನ ಯುನಿಕ್ಲೋ ಕಂಪನಿ ಬಟ್ಟೆಗಳನ್ನ ನಾನೂ ತಕ್ಷಣ ಹಚ್ಕೊಂಡವಳಲ್ಲ. ಬಿಳಿ, ಕಪ್ಪು, ಬೂದು, ನೇವಿ ಬ್ಲೂ, ಒಂದು ಹೂವಿಲ್ಲ ಗೆರೆ ಇಲ್ಲ, ಇದಕ್ಕೇನು ಅಷ್ಟು ದೂರ ಹೋಗ್ಬೇಕು ಅನ್ಸ್ತಿತ್ತು. ಮನಸ್ಸು ತಿರುಗಿದ್ದು ಬಟ್ಟೆ ತಿರುಗಿಸಿ ನೋಡಿದ್ಮೇಲೆ. ನಮ್ಮಮ್ಮ ಬಟ್ಟೆ ತಗೊಳ್ಳೋವಾಗ ಮುಂದುಗಡೆ ನೋಡ್ತಾನೇ ಇರ್ಲಿಲ್ಲ, ಒಳಗು ಹೊರಗು ಮಾಡಿ ಹೊಲಿಗೆ ಉದ್ದಕ್ಕೂ ಹೆಬ್ಬೆರಳು ಓಡಿಸೋಳು, ಎಲ್ಲಾದ್ರೂ ದಾರ ಬಿಟ್ಟಿದ್ರೆ ಒಂದು ಮಾತೂ ಆಡದೆ ಕೆಳಗಿಟ್ಟು ಎದ್ದು ಬರೋಳು. ನಂಗೂ ಅದೇ ಚಾಳಿ. ಟೀಶರ್ಟ್ ಕತ್ತಿನ ರಿಬ್, ಅಂದ್ರೆ ಹಿಗ್ಗೋ ಪಟ್ಟಿ, ಎಳೆದು ಬಿಡಿ, ತಟ್ಟಂತ ವಾಪಸ್ ಬರ್ಬೇಕು. ಎರಡು ಭುಜ ಹಿಡಿದು ಎತ್ತಿ, ಪಕ್ಕದ ಹೊಲಿಗೆ ನೆಟ್ಟಗೆ ಕೆಳಗೆ ಇಳೀಬೇಕು, ಹೊಸದ್ರಲ್ಲೇ ಹೊಟ್ಟೆ ಕಡೆ ತಿರುಗಿದ್ರೆ ಒಗೆದ್ಮೇಲೆ ಇನ್ನೂ ತಿರುಗತ್ತೆ. ಅವರ ದಪ್ಪ ಕಾಟನ್ ಟೀಶರ್ಟ್ ಈ ಪರೀಕ್ಷೇಲೆಲ್ಲ ಪಾಸಾಯ್ತು, ಅಲ್ಲಿಂದ ನಾನು ಸ್ವಲ್ಪ ಮೆತ್ತಗಾದೆ.

ಇನ್ನೊಂದು ನಂಗೆ ಹಿಡಿಸಿದ್ದು ಏನಂದ್ರೆ ಅವರು ಒಂದೇ ಸಾಮಾನನ್ನ ಬಿಡದೆ ಮಾಡ್ತಾರೆ. 1984ರಲ್ಲಿ ಹಿರೋಷಿಮಾದಲ್ಲಿ ಒಂದು ಅಂಗಡಿ ಅಂತ ಶುರುವಾಗಿದ್ದು, 1998ರಲ್ಲಿ ಟೋಕಿಯೋದ ಹರಾಜುಕುನಲ್ಲಿ ಅಂಗಡಿ ತೆಗೆದಾಗ 1,900 ಯೆನ್ನಿನ ಫ್ಲೀಸ್ (ಮೆತ್ತನೆ ಜುಂಗಿನ ಬೆಚ್ಚನೆ ಬಟ್ಟೆ) ಜಾಕೆಟ್‌ಗೆ ಜನ ಮುಗಿಬಿದ್ರಂತೆ, ಇವತ್ತಿಗೂ ಫ್ಲೀಸ್ ಮಾಡ್ತಾನೇ ಇದ್ದಾರೆ. ದಿನಾ ಹಾಕೋ ಬಟ್ಟೆಗೆ ಇದೇ ಬೇಕಾಗಿರೋದು, ಹಳೇದು ಸವೆದಾಗ ಅದೇ ತರದ್ದು ಇನ್ನೊಂದು ಸಿಗ್ಬೇಕು. ಬೇರೆ ಕಡೆ ನಂಗೆ ಹಿಡಿಸಿದ ಪ್ಯಾಂಟು ಮುಂದಿನ ಸಲ ಹೋಗೋಷ್ಟರಲ್ಲಿ ಮಾಯ ಆಗಿರ್ತಿತ್ತು.

ಚಳಿಗೆ ಒಳಗಡೆ ಹಾಕೋ ಅವರ ತೆಳು ಬಟ್ಟೆ ಹೀಟ್‌ಟೆಕ್ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನ ಎಲ್ಲರೂ ತಪ್ಪಾಗೇ ಹಾಕ್ತಾರೆ. ಟೋರೇ ಅನ್ನೋ ನೂಲಿನ ಕಂಪನಿ ಜೊತೆ ಸೇರಿ 2003ರಲ್ಲಿ ತಂದಿದ್ದು ಅದು. ಅದರಲ್ಲಿರೋ ರೇಯಾನ್ ಎಳೆ ನಮ್ಮ ಮೈಯಿಂದ ಹೋಗೋ ತೇವಾಂಶ ಹೀರ್ಕೊಂಡಾಗ ಒಂಚೂರು ಶಾಖ ಬಿಡತ್ತೆ, ಸಣ್ಣ ಅಕ್ರಿಲಿಕ್ ಎಳೆಗಳ ಮಧ್ಯ ಆ ಬೆಚ್ಚನೆ ಗಾಳಿ ನಿಲ್ಲತ್ತೆ. ಅಂದ್ಮೇಲೆ ಚರ್ಮಕ್ಕೆ ತಾಗಿರ್ಬೇಕು ತಾನೆ? ಇವರು ಒಳಗಡೆ ದೊಗಳೆ ಬನಿಯನ್ ಹಾಕಿ ಅದರ ಮೇಲೆ ಹೀಟ್‌ಟೆಕ್ ಹಾಕಿ ಚಳಿ ಚಳಿ ಅಂತಾರೆ. ಒಗೆಯೋವಾಗ ಸಾಫ್ಟನರ್ ಸುರೀತಾರೆ, ಅದು ಎಳೆ ಮೇಲೆ ಪದರ ಕಟ್ಟಿ ತೇವ ಹೀರೋದನ್ನೇ ಕಡಿಮೆ ಮಾಡತ್ತೆ. ಟವಲ್‌ಗೂ ಹಾಗೇನೇ, ಮೆತ್ತಗಿರ್ಲಿ ಅಂತ ಸಾಫ್ಟನರ್ ಹಾಕಿ ಹಾಕಿ ಆಮೇಲೆ ಮೈ ಒರೆಸಿದ್ರೆ ನೀರು ಟವಲ್ ಮೇಲೇ ಜಾರತ್ತೆ, ಅದನ್ನ ಬಿಟ್ಟು ಒಣಗಿಸೋ ಮುಂಚೆ ಜೋರಾಗಿ ಒಂದು ನಾಲ್ಕು ಸಲ ಝಾಡಿಸಿ, ತಾನೇ ಮೆತ್ತಗಾಗತ್ತೆ. ಕೈ ನೋಯತ್ತಂತೆ ಇವರಿಗೆ.

ಈಗ ಸ್ವೆಟರ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಹೊಸಾ ಮೆರಿನೋ ಸ್ವೆಟರ್ ಬಂದ ತಕ್ಷಣ, ಇನ್ನೂ ನೀರು ಕಾಣೋ ಮುಂಚೆ, ಒಂದು ಹಳೇ ಬಿಳೀ ಬೆಡ್‌ಶೀಟ್ ನೆಲದ ಮೇಲೆ ಹಾಸಿ. ಸ್ವೆಟರ್ ಅದರ ಮೇಲಿಟ್ಟು, ಎಳೀದೆ ಕುಗ್ಗಿಸದೆ ಅದು ಹೇಗಿದ್ಯೋ ಹಾಗೇ ಅಂಗೈಯಲ್ಲಿ ಸವರಿ, ಸುತ್ತಲೂ ಪೆನ್ಸಿಲ್ಲಲ್ಲಿ ಗೆರೆ ಎಳೀರಿ. ಪೆನ್ ಬೇಡ, ಒದ್ದೆ ಉಣ್ಣೆಗೆ ಶಾಯಿ ಹತ್ಕೊಂಡ್ರೆ ಹೋಗಲ್ಲ. ಕತ್ತು, ಭುಜದ ಮೂಲೆ, ಕಂಕುಳು, ತೋಳಿನ ತುದಿ, ಕೆಳಗಿನ ರಿಬ್ ಎಲ್ಲಿಂದ ಶುರು ಆಗತ್ತೆ ಅನ್ನೋದು, ಎಲ್ಲಾ ಗುರುತು ಇರ್ಲಿ. ಒಗೆಯೋವಾಗ ಸ್ವೆಟರ್ ಒಳಗು ಹೊರಗು ಮಾಡಿ, ಕೈಗೆ ಬಿಸೀನೂ ಅನ್ನಿಸ್ಬಾರ್ದು ತಣ್ಣಗೂ ಅನ್ನಿಸ್ಬಾರ್ದು ಅಂಥ ನೀರಲ್ಲಿ, ಉಣ್ಣೆಗೆ ಅಂತ ಬರೋ ಲಿಕ್ವಿಡ್ ಒಂಚೂರು ಹಾಕಿ ಬರೀ ಅದುಮಿ ಬಿಡಿ. ಉಜ್ಜೋದು ಹಿಂಡೋದು ಮಾಡಿದ್ರೋ, ಉಣ್ಣೆ ಎಳೆ ಮೇಲೆ ಸಣ್ಣ ಸಣ್ಣ ಹುರುಪೆ ಇರತ್ತೆ, ಬಿಸಿ ಮತ್ತೆ ತಿಕ್ಕಾಟ ಸೇರಿದ್ರೆ ಅವು ಒಂದಕ್ಕೊಂದು ಸಿಕ್ಕಾಕ್ಕೊಂಡು ಕಂಬಳಿ ಆಗೋಗತ್ತೆ, ದೇವರು ಬಂದ್ರೂ ಬಿಡಿಸಕ್ಕಾಗಲ್ಲ. ಜಾಲಿಸೋ ನೀರೂ ಅದೇ ಹದದಲ್ಲಿರ್ಲಿ.

ಎತ್ತೋವಾಗ ತೋಳು ಹಿಡಿದು ಎತ್ಬೇಡಿ, ಎರಡೂ ಕೈಯಲ್ಲಿ ಮಗು ಎತ್ತೋ ಹಾಗೆ ಕೆಳಗಿಂದ ಎತ್ತಿ ದಪ್ಪ ಟವಲ್ ಮೇಲಿಡಿ, ಟವಲ್ ಸಮೇತ ಸುರುಳಿ ಸುತ್ತಿ, ಸುರುಳಿ ಮೇಲೆ ಮೊಣಕಾಲೂರಿ ನಿಧಾನವಾಗಿ ಅದುಮ್ತಾ ಹೋಗಿ. ಟವಲ್ ತೊಪ್ಪೆ ಆದ್ರೆ ಇನ್ನೊಂದು ತಗೊಳ್ಳಿ, ಜುಗ್ಗತನ ಮಾಡ್ಬೇಡಿ. ಆಮೇಲೆ ಆ ಬೆಡ್‌ಶೀಟ್ ಹಾಸಿ, ಸ್ವೆಟರನ್ನ ಗೆರೆ ಒಳಗೆ ಕೂರಿಸಿ. ಭುಜದಿಂದ ಶುರು ಮಾಡಿ, ಗೆರೆ ದಾಟಿರೋ ಕಡೆ ಒಳಗೆ ತಳ್ಳಿ, ಗೆರೆ ಮುಟ್ಟದಿರೋ ಕಡೆ ಬೆರಳ ತುದೀಲಿ ಮೆತ್ತಗೆ ಹೊರಗೆ ಸವರಿ, ತೋಳಿನ ತುದಿ ರಿಬ್ಬನ್ನ ಮಾತ್ರ ಎರಡು ಬೆರಳಲ್ಲಿ ಒಟ್ಟು ಮಾಡಿ ಹತ್ತಿರ ಹತ್ತಿರ ಕೂರಿಸಿ. ನೆರಳಲ್ಲಿ, ಗಾಳಿ ಆಡೋ ಕಡೆ. ಮೇಲ್ಗಡೆ ಒಣಗ್ತು ಅನ್ಸಿದಾಗ ಮಗುಚಿ ಹಾಕಿ, ಮತ್ತೆ ಗೆರೆ ನೋಡಿ. ಆ ಬೆಡ್‌ಶೀಟ್ ಮಾತ್ರ ಯಾರ ಕೈಗೂ ಸಿಗದ ಹಾಗೆ ಎತ್ತಿಡಿ, ನಮ್ಮನೇಲಿ ಒಬ್ಬರು ಕೊಳೆ ಅಂತ ಒಗೆದು ಗೆರೆ ಎಲ್ಲ ಮಾಸಿ ಹೋಗಿತ್ತು, ಹೇಳಿದ್ದೀನಿ ಬಿಡಿ ಅವರಿಗೆ ಸರಿಯಾಗಿ.

ಒಣಗಿದ್ಮೇಲೆ ಹ್ಯಾಂಗರಿಗೆ ಹಾಕ್ಬೇಡಿ, ಭುಜದ ಮೇಲೆ ಕೊಂಬು ಬರತ್ತೆ. ಮಡಚಿ ಇಡಿ. ಕಂಕುಳ ಹತ್ರ ಉಂಡೆ ಉಂಡೆ ಜುಂಗು ಎದ್ರೆ ಕೈಯಲ್ಲಿ ಕೀಳೋರನ್ನ ಕಂಡ್ರೆ ನಂಗಾಗಲ್ಲ, ಕಿತ್ತಷ್ಟೂ ಒಳಗಿನ ಎಳೆ ಆಚೆ ಬರತ್ತೆ, ಸ್ವೆಟರ್ ಬಾಚಣಿಗೇಲಿ ಒಂದೇ ದಿಕ್ಕಿಗೆ ತೆಗೀರಿ. ಕಾಟನ್ನಲ್ಲಾದ್ರೆ ಸುಪಿಮಾ ಅಂತ ಬರ್ದಿರೋದು ನೋಡಿ, ಅದು ಅಮೆರಿಕದಲ್ಲಿ ಬೆಳೆಯೋ ಉದ್ದ ಎಳೆ ಹತ್ತಿ, ಎಳೆ ಉದ್ದ ಇದ್ದಷ್ಟೂ ತುದಿಗಳು ಕಡಿಮೆ, ಜುಂಗೂ ಕಡಿಮೆ.

ಇನ್ನು ಚೆನ್ನಾಗಿದೆ ಅಂತ ಒಂದೇ ಸಲಕ್ಕೆ ಎಲ್ಲಾ ಬಣ್ಣದ್ದೂ ಬುಟ್ಟಿಗೆ ತುಂಬ್ಕೋಬೇಡಿ. ಒಂದು ತಗೊಳ್ಳಿ, ಬೆವರಿ, ಒಗೆದು, ಒಣಗಿಸಿ ನೋಡಿ, ಆಮೇಲೆ ಎರಡನೇದಕ್ಕೆ ಹೋಗಿ. ಹೋಗೋವಾಗ ಹಳೇದರ ಲೇಬಲ್ ಫೋಟೋ ಮೊಬೈಲಲ್ಲಿ ಇಟ್ಕೊಂಡು ಹೋಗಿ, ಹೆಸರು ಅದೇ ಇದ್ರೂ ಸೀಸನ್ ಬದಲಾದಾಗ ಬಟ್ಟೆಯ ಮಿಶ್ರಣ ಬದಲಾಗಿರಬಹುದು.